ಬೇಡದವುಗಳ ಪಟ್ಟಿ ಬರೆದವನು

ಕಳೆದ ಡಿಸೆಂಬರಿನಲ್ಲಿ ಒಂದು ನೇಮಕಾತಿ ಪರೀಕ್ಷೆಯ ಆಯ್ಕೆಪಟ್ಟಿ ಬಂತು. ಮೊಬೈಲಿನಲ್ಲಿ ಪಿಡಿಎಫ್ ತೆರೆದು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಹುಡುಕಿದೆ. ನನ್ನ ನೋಂದಣಿ ಸಂಖ್ಯೆ ಇರಲಿಲ್ಲ. ಹೀಗಾಗುತ್ತಿರುವುದು ಇದು ಮೂರನೇ ಸಲ. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಊಟ ಮುಗಿಸಿ ಬೈನಾಕ್ಯುಲರ್ ಹಿಡಿದು ಅಂಗಳಕ್ಕೆ ಬಂದೆ. ಆ ರಾತ್ರಿ ನಾನು ಹುಡುಕಬೇಕೆಂದುಕೊಂಡಿದ್ದು ಎಂ 1 ಎಂಬ ಒಂದು ಮಸುಕು ಚುಕ್ಕೆಯನ್ನು. ಅದನ್ನು ಪಟ್ಟಿಗೆ ಸೇರಿಸಿದ ಮನುಷ್ಯನ ಕಥೆಯನ್ನು ಹೇಳೋಣವೆಂದೇ ಇದನ್ನು ಬರೆಯುತ್ತಿದ್ದೇನೆ. ಆತನೂ ಒಂದು ಕಾಲದಲ್ಲಿ ನಮ್ಮ ಹಾಗೆ ಕೆಲಸ ಹುಡುಕಿಕೊಂಡು ಹೊರಟವನೇ.

ಮೊದಲು ನನ್ನ ಜಾಗದ ಬಗ್ಗೆ ಎರಡು ಮಾತು. ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ಗಡಾಯಿಕಲ್ಲು ಎದುರಿಗೆ ಕಾಣುವ ಕಡೆ. ಪದವಿ ಓದಿದ್ದು ಮೂಡುಬಿದಿರೆಯಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಈಗ ಬಂಟ್ವಾಳದ ಬಿ.ಸಿ. ರೋಡಿನ ಒಂದು ಕಚೇರಿಯಲ್ಲಿ ಹಳೆಯ ದಾಖಲೆಗಳನ್ನು ನೋಡಿ ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಕೆಲಸ. ಈ ಮೂರು ಊರುಗಳ ಆಕಾಶ ಮೂರು ತರ. ಬಂಟ್ವಾಳದಲ್ಲಿ ಪಶ್ಚಿಮಕ್ಕೆ ತಿರುಗಿದರೆ ಮಂಗಳೂರಿನ ದೀಪಗಳ ಹೊಗೆಬೆಳಕು. ಮೂಡುಬಿದಿರೆಯ ಹಾಸ್ಟೆಲ್ ತಾರಸಿಯಿಂದ ಹೊಳೆಯುವ ನಕ್ಷತ್ರಗಳು ಸಿಗುತ್ತಿದ್ದವು, ಮಸುಕಾದವು ಸಿಗುತ್ತಿರಲಿಲ್ಲ. ಕಂಬಳದ ರಾತ್ರಿಯಂತೂ ಕೇಳಲೇಬೇಡಿ. ನಮ್ಮ ಮನೆಯ ಪೂರ್ವಕ್ಕೆ ಘಟ್ಟ. ಆ ಕಡೆ ದೀಪವಿಲ್ಲ. ಪಕ್ಕದ ಮನೆಯ ಹಟ್ಟಿಯ ಎಲ್‌ಇಡಿ ಬಲ್ಬೊಂದನ್ನು ಆರಿಸಿಕೊಡಲು ಹೇಳಿದರೆ ಆಯಿತು, ಹಾಲುಹಾದಿ ಅಡಿಕೆ ತೋಟದ ತಲೆಯ ಮೇಲಿಂದ ಏಳುತ್ತದೆ.

ಬೈನಾಕ್ಯುಲರ್ ಸೋದರಮಾವ ಮಸ್ಕತ್ತಿನಿಂದ ತಂದದ್ದು. ಅಜ್ಜಿ ಅದಕ್ಕೆ ದುರ್ಬೀನು ಎನ್ನುತ್ತಾರೆ. ಅದರ ಮೇಲೆ 10×50 ಎಂದು ಬರೆದಿದೆ: ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್. ಮಸುಕಾದದ್ದನ್ನು ನೋಡಲು ಬೇಕಾದದ್ದು ಈ ಎರಡನೇ ಸಂಖ್ಯೆ. ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು ಒಳಗೆ ಬರುತ್ತದೆ.

ಈಗ ಆ ಮನುಷ್ಯನ ವಿಷಯ. ಶಾರ್ಲ್ ಮೆಸಿಯೆ (ಚಾರ್ಲ್ಸ್ ಮೆಸ್ಸಿಯರ್ ಎಂದೂ ನಮ್ಮ ಪುಸ್ತಕಗಳಲ್ಲಿ ಓದಿರುತ್ತೀರಿ) ಹುಟ್ಟಿದ್ದು 1730ರ ಜೂನ್ 26ರಂದು, ಇಂದಿನ ಫ್ರಾನ್ಸಿನ ಪೂರ್ವಭಾಗದ ಬಾದೋನ್ವಿಲೆ ಎಂಬ ಸಣ್ಣ ಊರಿನಲ್ಲಿ. ಹನ್ನೆರಡು ಮಕ್ಕಳಲ್ಲಿ ಹತ್ತನೆಯವನು. ಅವರಲ್ಲಿ ಆರು ಮಂದಿ ಚಿಕ್ಕಂದಿನಲ್ಲೇ ತೀರಿಕೊಂಡರು. ಹನ್ನೊಂದು ವರ್ಷವಾದಾಗ ಅಪ್ಪನೂ ಹೋದ. ಅಣ್ಣ ಹ್ಯಾಸಿಂತ್ ಮನೆಯ ಹೊಣೆ ಹೊತ್ತು ತಮ್ಮನಿಗೆ ಕಚೇರಿ ಕೆಲಸ ಕಲಿಸಿದ: ಲೆಕ್ಕ ಬರೆಯುವುದು, ಪತ್ರ ನಕಲು ಮಾಡುವುದು, ತಪ್ಪಿಲ್ಲದೆ, ಅಚ್ಚುಕಟ್ಟಾಗಿ. ಹದಿಮೂರರ ಹುಡುಗ 1744ರಲ್ಲಿ ಆರು ಬಾಲಗಳ ಒಂದು ದೊಡ್ಡ ಧೂಮಕೇತುವನ್ನು ಕಂಡ. 1748ರಲ್ಲಿ ಸೂರ್ಯಗ್ರಹಣ. ಆಕಾಶದ ಹುಚ್ಚು ಹತ್ತಲು ಅಷ್ಟು ಸಾಕಾಯಿತು.

ಇಪ್ಪತ್ತೊಂದು ತುಂಬಿದಾಗ ಕೆಲಸ ಹುಡುಕಲೇಬೇಕಾಯಿತು. ಪರಿಚಯದ ಪಾದ್ರಿಯೊಬ್ಬರು ಪ್ಯಾರಿಸಿನಲ್ಲಿ ಎರಡು ಕಡೆ ವಿಚಾರಿಸಿದ್ದರು. ಒಂದು, ಅರಮನೆಯೊಂದರ ಮೇಲ್ವಿಚಾರಕನ ಕೈಕೆಳಗೆ. ಇನ್ನೊಂದು, ನೌಕಾಪಡೆಯ ಖಗೋಳಜ್ಞ ಡೆಲಿಲ್‌ನ ಬಳಿ. ಅಣ್ಣ ಎರಡನೆಯದನ್ನು ಆರಿಸಿದ. 1751ರ ಅಕ್ಟೋಬರಿನಲ್ಲಿ ಮೆಸಿಯೆ ಪ್ಯಾರಿಸಿಗೆ ಬಂದ. ಆತನಿಗೆ ಕೆಲಸ ಸಿಕ್ಕಿದ್ದು ಖಗೋಳ ಗೊತ್ತಿದೆ ಎಂದಲ್ಲ. ಅಕ್ಷರ ಚೆನ್ನಾಗಿದೆ, ಗೆರೆ ಎಳೆಯಲು ಬರುತ್ತದೆ ಎಂದು. ಮೊದಲು ಕೊಟ್ಟ ಕೆಲಸ ಚೀನಾದ ಒಂದು ದೊಡ್ಡ ನಕಾಶೆಯನ್ನು ನಕಲು ಮಾಡುವುದು. ಅದನ್ನು ಮಾಡಿದ್ದು ಬೆಂಕಿಯೂ ಇಲ್ಲದ ತಣ್ಣನೆಯ ಓಣಿಯಲ್ಲಿ ಕೂತು. ಬಿ.ಸಿ. ರೋಡಿನಲ್ಲಿ ಫ್ಯಾನಿನ ಕೆಳಗೆ ಹಳೆಯ ದಾಖಲೆ ಟೈಪಿಸುವ ನನಗೆ ಈ ಭಾಗ ಓದುವಾಗ ನಗು ಬಂತು. ಡಾಟಾ ಎಂಟ್ರಿ ಎಂಬುದು ಆಗಲೂ ಇತ್ತು.

ಡೆಲಿಲ್‌ನ ವೀಕ್ಷಣಾಲಯ ಕ್ಲೂನಿ ಭವನದ ಮೇಲೆ ಕಟ್ಟಿದ ಒಂದು ಮರದ ಗೋಪುರ. ಆ ಭವನ ಈಗ ವಸ್ತುಸಂಗ್ರಹಾಲಯವಾಗಿದೆ. ಡೆಲಿಲ್‌ನ ಇನ್ನೊಬ್ಬ ಸಹಾಯಕ ಹೊಸಬನಿಗೆ ಉಪಕರಣ ಹಿಡಿಯುವುದನ್ನು, ಸಮಯ ಗುರುತು ಹಾಕುವುದನ್ನು ಹೇಳಿಕೊಟ್ಟ. 1753ರ ಮೇ 6ರಂದು ಬುಧ ಸೂರ್ಯನ ಮುಂದೆ ಹಾದುಹೋದದ್ದು ಮೆಸಿಯೆಯ ಮೊದಲ ದಾಖಲಾದ ವೀಕ್ಷಣೆ. ಗಣಿತ ಮಾತ್ರ ಆತನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಧೂಮಕೇತು ಹುಡುಕುತ್ತಿದ್ದ, ಅದರ ಪಥದ ಲೆಕ್ಕ ಬೇರೆಯವರು ಹಾಕುತ್ತಿದ್ದರು.

ಆಗ ಯುರೋಪಿನ ಖಗೋಳಜ್ಞರಿಗೆಲ್ಲ ಒಂದೇ ಧ್ಯಾನ. 1682ರಲ್ಲಿ ಕಂಡ ಧೂಮಕೇತು 1758ರ ಸುಮಾರಿಗೆ ಮರಳಿ ಬರುತ್ತದೆ ಎಂದು ಹ್ಯಾಲಿ ಹೇಳಿ ಸತ್ತಿದ್ದ. ಅದನ್ನು ಮೊದಲು ಕಂಡವನ ಹೆಸರು ಉಳಿಯುತ್ತದೆ. ಡೆಲಿಲ್ ಲೆಕ್ಕ ಹಾಕಿ ಎಲ್ಲಿ ಹುಡುಕಬೇಕೆಂದು ನಕ್ಷೆ ಮಾಡಿದ, ಮೆಸಿಯೆ ಆ ನಕ್ಷೆಯನ್ನು ಅಂದವಾಗಿ ಬರೆದ. ಆಮೇಲೆ ಅದನ್ನೇ ಹಿಡಿದುಕೊಂಡು ಒಂದೂವರೆ ವರ್ಷ ಹುಡುಕಿದ. ನಕ್ಷೆಯೇ ತಪ್ಪಿತ್ತು. ತಪ್ಪು ಜಾಗದಲ್ಲಿ ಎಷ್ಟು ನಿಷ್ಠೆಯಿಂದ ಹುಡುಕಿದರೇನು?

ಆ ಹುಡುಕಾಟದ ನಡುವೆಯೇ 1758ರ ಆಗಸ್ಟ್ 28ರ ರಾತ್ರಿ, ಬೇರೊಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ, ವೃಷಭ ರಾಶಿಯಲ್ಲಿ ಎತ್ತಿನ ದಕ್ಷಿಣದ ಕೊಂಬಿನ ತುದಿಯ ಪಕ್ಕ ಮೇಣದ ಬತ್ತಿಯ ಉರಿಯಂಥ ಬಿಳಿಚು ಮಸುಕೊಂದು ಕಂಡಿತು. ಧೂಮಕೇತುವಿನ ಹಾಗೆಯೇ ಇತ್ತು. ಆದರೆ ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಧೂಮಕೇತು ನಕ್ಷತ್ರಗಳ ನಡುವೆ ಸರಿಯುತ್ತದೆ, ಇದು ಸರಿಯಲಿಲ್ಲ. ಇಂಥದ್ದು ಮತ್ತೆ ತನ್ನನ್ನೂ ಬೇರೆಯವರನ್ನೂ ಮೋಸಗೊಳಿಸಬಾರದೆಂದು ಸೆಪ್ಟೆಂಬರ್ 12ರಂದು ಅದರ ಸ್ಥಾನವನ್ನು ಅಳೆದು ಬರೆದಿಟ್ಟ. ಮುಂದೆ ಅದೇ ಎಂ 1 ಆಯಿತು. ನಮ್ಮ ಪುಸ್ತಕಗಳ ಏಡಿ ನೀಹಾರಿಕೆ ಅದೇ. 1054ರಲ್ಲಿ ಚೀನಾದವರು ಹಗಲಲ್ಲೇ ಕಂಡು ಬರೆದಿಟ್ಟ ಸಿಡಿದ ನಕ್ಷತ್ರದ ಅವಶೇಷ ಅದೆಂದು ಮೆಸಿಯೆಗೆ ತಿಳಿದಿರಲಿಲ್ಲ. ಅದನ್ನು ತನಗಿಂತ ಮೊದಲು, 1731ರಲ್ಲೇ, ಬೆವಿಸ್ ಎಂಬ ಇಂಗ್ಲಿಷ್ ವೈದ್ಯ ನೋಡಿದ್ದನೆಂದೂ ತಿಳಿದಿರಲಿಲ್ಲ. ತಿಳಿದ ಮೇಲೆ ಒಪ್ಪಿಕೊಂಡ.

ಹ್ಯಾಲಿಯ ಧೂಮಕೇತುವನ್ನು ಮೊದಲು ಕಂಡವನು ಯಾರು ಗೊತ್ತೇ? ಜರ್ಮನಿಯ ಡ್ರೆಸ್ಡೆನ್ ಹತ್ತಿರದ ಒಬ್ಬ ಕೃಷಿಕ, ಯೋಹಾನ್ ಪಾಲಿಟ್ಶ್. ಮನೆಯಲ್ಲೇ ಓದಿ ಕಲಿತವನು. 1758ರ ಡಿಸೆಂಬರ್ 25ರ ರಾತ್ರಿ ಅವನಿಗೆ ಅದು ಸಿಕ್ಕಿತು. ಆ ಸುದ್ದಿ ತಿಳಿಯದೆ ಮೆಸಿಯೆ ನಕ್ಷೆಯನ್ನು ಬದಿಗಿಟ್ಟು ಸ್ವಂತವಾಗಿ ಹುಡುಕಿ 1759ರ ಜನವರಿ 21ರಂದು ಕಂಡ. ಓಡಿ ಹೋಗಿ ಹೇಳಿದರೆ, ಡೆಲಿಲ್ ಇದನ್ನು ಹೊರಗೆ ಬಿಡಬೇಡ ಎಂದುಬಿಟ್ಟ. ಅವನದ್ದೇ ಸಂಬಳ, ಅವನದ್ದೇ ದೂರದರ್ಶಕ. ಗುಮಾಸ್ತ ಏನು ಮಾಡಿಯಾನು? ಎರಡು ತಿಂಗಳಿಗೂ ಹೆಚ್ಚು ಬಾಯಿ ಮುಚ್ಚಿಕೊಂಡಿದ್ದ. ಏಪ್ರಿಲ್ 1ರಂದು ಡೆಲಿಲ್ ಪ್ರಕಟಿಸಲು ಒಪ್ಪಿದಾಗ ಜರ್ಮನಿಯ ಸುದ್ದಿ ಬಂದಾಗಿತ್ತು. ಇಷ್ಟು ದಿನ ಎಲ್ಲಿಟ್ಟಿದ್ದೆ ಎಂದು ಪ್ಯಾರಿಸಿನ ಕೆಲವರು ಆತನನ್ನು ನಂಬಲೂ ಇಲ್ಲ. ನನ್ನ ಮಟ್ಟಿಗೆ ಈ ಜೀವನದಲ್ಲಿ ಅತಿ ಕಹಿಯಾದ ಭಾಗ ಇದು. ಆದರೂ ಮೆಸಿಯೆ ಆ ಕೆಲಸ ಬಿಡಲಿಲ್ಲ, ಯಜಮಾನನ ಬಗ್ಗೆ ಕೆಟ್ಟದ್ದಾಡಲೂ ಇಲ್ಲ. ಅದು ದೊಡ್ಡತನವೋ ಬೇರೆ ದಾರಿಯಿಲ್ಲದ್ದೋ ನನಗೆ ತೀರ್ಮಾನಿಸಲು ಆಗುವುದಿಲ್ಲ. ಗುತ್ತಿಗೆ ಕೆಲಸದಲ್ಲಿರುವವರಿಗೆ ಎರಡೂ ಅರ್ಥವಾಗುತ್ತದೆ.

ಡೆಲಿಲ್ ಹಿಂದೆ ಸರಿದ ಮೇಲೆ ಗೋಪುರ ಮೆಸಿಯೆಯ ಕೈಗೆ ಬಂತು. 1764ರಲ್ಲಿ ಹುಡುಗಾಟ ಬಿಟ್ಟು ಒಂದೇ ಹಟದಿಂದ ಕೂತ: ಆಕಾಶದಲ್ಲಿ ಧೂಮಕೇತುವಿನಂತೆ ಕಂಡು ಮೋಸ ಮಾಡುವ ಮಸುಕುಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುವುದು. ಮೇ 3ರಂದು ಎಂ 3. ಆ ವರ್ಷ ಮುಗಿಯುವುದರೊಳಗೆ ನಲವತ್ತು. ನಲವತ್ತನೆಯದು ತಮಾಷೆಯದ್ದು. ಅಲ್ಲಿ ನೀಹಾರಿಕೆಯಿದೆ ಎಂದು ಹಳೆಯ ಪುಸ್ತಕದಲ್ಲಿತ್ತು. ನೋಡಿದರೆ ಅಕ್ಕಪಕ್ಕ ಎರಡು ನಕ್ಷತ್ರ, ಅಷ್ಟೇ. ಇರಲಿ ಎಂದು ಅದನ್ನೂ ಬರೆದುಕೊಂಡ. 1769ರ ಮಾರ್ಚ್ 4ರಂದು ಮಹಾವ್ಯಾಧನ ನೀಹಾರಿಕೆ, ನಮ್ಮ ಪುಷ್ಯ ನಕ್ಷತ್ರದ ಜೇನುಗೂಡು, ಕೃತ್ತಿಕೆ ಇವನ್ನೆಲ್ಲ ಸೇರಿಸಿ 45 ಮಾಡಿದ. ಕೃತ್ತಿಕೆಯನ್ನು ಧೂಮಕೇತು ಎಂದುಕೊಳ್ಳುವ ದಡ್ಡ ಎಲ್ಲಿದ್ದಾನೆ? ಅದಕ್ಕೊಂದು ಊಹೆ ಇದೆ. ಲಕಾಯ್ ಎಂಬ ಫ್ರೆಂಚ್ ಖಗೋಳಜ್ಞ ಆಫ್ರಿಕಾದ ದಕ್ಷಿಣ ತುದಿಗೆ ಹೋಗಿ, ಅರ್ಧ ಇಂಚಿನ ಗಾಜಿನ ಪುಟ್ಟ ದೂರದರ್ಶಕದಲ್ಲಿ ದಕ್ಷಿಣದ ಆಕಾಶ ನೋಡಿ 42 ಮಸುಕುಗಳ ಪಟ್ಟಿ ಕೊಟ್ಟಿದ್ದ. ಅವನಿಗಿಂತ ಒಂದೆರಡು ಹೆಚ್ಚಿರಲಿ ಎಂಬ ಆಸೆ ಮೆಸಿಯೆಗಿತ್ತೇನೋ. ಇದ್ದರೆ ತಪ್ಪೇನೂ ಇಲ್ಲ. (ಅರ್ಧ ಇಂಚು ಎಂದರೆ 12 ಮಿಲಿಮೀಟರಿನ ಆಸುಪಾಸು. ನನ್ನ ಬೈನಾಕ್ಯುಲರಿನ ಒಂದು ಕೊಳವೆಯ ಗಾಜು ಅದರ ನಾಲ್ಕು ಪಟ್ಟು ಅಗಲ. ಉಪಕರಣ ಸಾಲದು ಎಂದು ನಾನು ಗೊಣಗುವುದನ್ನು ನಿಲ್ಲಿಸಿದ್ದು ಇದನ್ನು ಓದಿದ ದಿನ.)

ಮಹಾವ್ಯಾಧನ ನೀಹಾರಿಕೆಯನ್ನು ಮೆಸಿಯೆ ಬರೀ ಪಟ್ಟಿ ಮಾಡಲಿಲ್ಲ, ಚಿತ್ರ ಬಿಡಿಸಿದ. ಮೊದಲ ಪಟ್ಟಿಯ ಜೊತೆ ಆ ಚಿತ್ರವೂ ಅಚ್ಚಾಯಿತು. ನಕಾಶೆ ನಕಲು ಮಾಡಿದ ಕೈ ಅಲ್ಲಿ ಕೆಲಸಕ್ಕೆ ಬಂತು. 1769ರಲ್ಲಿ ತಾನು ಕಂಡುಹಿಡಿದ ದೊಡ್ಡ ಧೂಮಕೇತುವಿನ ಪಥದ ನಕ್ಷೆ ಬರೆದು ಪ್ರಷ್ಯಾದ ದೊರೆಗೆ ಕಳಿಸಿದಾಗ ಬರ್ಲಿನ್ನಿನ ಅಕಾಡೆಮಿಯ ಸದಸ್ಯತ್ವ ಸಿಕ್ಕಿತು. ಲಂಡನ್ನಿನ ರಾಯಲ್ ಸೊಸೈಟಿ 1764ರಲ್ಲೇ ಸೇರಿಸಿಕೊಂಡಿತ್ತು. ಸ್ವಂತ ಊರಾದ ಪ್ಯಾರಿಸಿನ ಅಕಾಡೆಮಿ ಬಾಗಿಲು ತೆರೆದದ್ದು 1770ರಲ್ಲಿ.

ಚಿತ್ರದ ಮಾತು ಬಂದಾಗ ನನ್ನ ಕೆಲಸವನ್ನೂ ಹೇಳಿಬಿಡುತ್ತೇನೆ. ಕತ್ತಲಲ್ಲಿ ಕೂತ ಅರ್ಧ ಗಂಟೆಯವರೆಗೆ ಕಣ್ಣು ತೆರೆದಿದ್ದರೂ ಕುರುಡೇ. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದ್ದೇನೆ. ಕೆಂಪು ಬೆಳಕು ಕತ್ತಲಿಗೆ ಒಗ್ಗಿದ ಕಣ್ಣನ್ನು ಅಷ್ಟು ಕೆಡಿಸುವುದಿಲ್ಲ. ಕೈ ನಡುಗಿದರೆ ಮಸುಕು ಅಳಿಸಿಹೋಗುತ್ತದೆ, ಆದ್ದರಿಂದ ಅಜ್ಜನ ಆರಾಮ ಕುರ್ಚಿಯಲ್ಲಿ ಒರಗಿ ಮೊಣಕೈಗಳನ್ನು ಅದರ ಕೈಗಳಿಗೆ ಊರುತ್ತೇನೆ. ಇನ್ನೊಂದು ವಿಚಿತ್ರ: ಮಸುಕಾದದ್ದನ್ನು ನೇರ ನೋಡಿದರೆ ಅದು ಮಾಯ, ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟರೆ ಪ್ರತ್ಯಕ್ಷ. ಕಣ್ಣಿನ ನಟ್ಟನಡುವೆ ಇರುವ ಕೋಶಗಳಿಗೆ ಬಣ್ಣ, ವಿವರ ಚೆನ್ನಾಗಿ ಗೊತ್ತು, ಮಬ್ಬು ಬೆಳಕು ಗೊತ್ತಿಲ್ಲ. ಮಬ್ಬಿನ ಕೆಲಸ ಸುತ್ತಲಿನ ಕೋಶಗಳದ್ದು. ಕಾಗದದ ಮೇಲೆ ತಟ್ಟೆಯಿಟ್ಟು ಎಳೆದ ಒಂದು ವೃತ್ತ. ಅದರಲ್ಲಿ ಮೊದಲು ಹೊಳೆಯುವ ನಕ್ಷತ್ರಗಳ ಚುಕ್ಕೆ, ಅವುಗಳ ಅಂತರ ನೋಡಿಕೊಂಡು. ಕೊನೆಗೆ ಪೆನ್ಸಿಲಿನ ಪುಡಿಯನ್ನು ಬೆರಳ ತುದಿಯಲ್ಲಿ ಒರೆಸಿದರೆ ನೀಹಾರಿಕೆ. ಕಂಡಷ್ಟೇ ಬಿಡಿಸಬೇಕು. ಇಂಟರ್ನೆಟ್ಟಿನ ಬಣ್ಣದ ಫೋಟೊ ನೆನಪಿಗೆ ಬಂದು ಕೈ ಒಂದೆಳೆ ಹೆಚ್ಚು ಎಳೆದರೆ ಅದು ಸುಳ್ಳುಸಾಕ್ಷಿ.

ಒಂದು ಸಂದರ್ಶನದಲ್ಲಿ ಹವ್ಯಾಸವೇನೆಂದು ಕೇಳಿದಾಗ ಇದನ್ನೇ ಹೇಳಿದ್ದೆ. ಮೇಜಿನ ಆಚೆ ಇದ್ದವರು, ಮಸುಕನ್ನು ನೋಡಿ ಮಸುಕು ಬಿಡಿಸಿ ಏನು ಸಿಗುತ್ತದೆ ಎಂದು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಹೊಳೆಯಲಿಲ್ಲ.

ಮೆಸಿಯೆಯ ಮನೆಯ ಕಥೆ ಚಿಕ್ಕದು. 1770ರ ನವೆಂಬರಿನಲ್ಲಿ ಮದುವೆಯಾದ. 1772ರ ಮಾರ್ಚ್ 15ರಂದು ಗಂಡುಮಗು. ಎಂಟು ದಿನಕ್ಕೆ ಹೆಂಡತಿ ತೀರಿಕೊಂಡಳು, ಮತ್ತೆ ಮೂರು ದಿನಕ್ಕೆ ಮಗು. ಆ ಹೊತ್ತಿಗೆ ಬೇರೊಬ್ಬ ಒಂದು ಧೂಮಕೇತುವನ್ನು ಕಂಡುಹಿಡಿದಿದ್ದ. ಸಾಂತ್ವನ ಹೇಳಲು ಬಂದವರ ಮುಂದೆ ಮೆಸಿಯೆ ಹೆಂಡತಿಗಿಂತ ಆ ಕೈತಪ್ಪಿದ ಧೂಮಕೇತುವಿಗೇ ಹೆಚ್ಚು ಅತ್ತನೆಂದು ಒಂದು ಕಥೆ ಓಡಾಡುತ್ತದೆ. ನಾನದನ್ನು ನಂಬುವುದಿಲ್ಲ. ಸಂಕಟದಲ್ಲಿರುವವನ ಬಾಯಿಂದ ಏನೋ ಬಂದಿರಬಹುದು, ಕೇಳಿದವರು ಅದಕ್ಕೆ ರೆಕ್ಕೆ ಕಟ್ಟಿರಬಹುದು.

ಪಟ್ಟಿ ಬೆಳೆಯಿತು. ಮೆಶೇನ್ ಎಂಬ ಗೆಳೆಯ ಜೊತೆಗೂಡಿದ. 1781ರಲ್ಲಿ 103ಕ್ಕೆ ಬಂದು ನಿಂತಿತು. ಅದೇ ವರ್ಷದ ನವೆಂಬರ್ 6ರಂದು ಪ್ಯಾರಿಸಿನ ಉದ್ಯಾನವೊಂದರಲ್ಲಿ ಸ್ನೇಹಿತ ಸಾರೋನ್ ಮತ್ತು ಅವನ ಮನೆಯವರ ಜೊತೆ ಅಡ್ಡಾಡುತ್ತಿದ್ದಾಗ, ಗುಹೆಯೆಂದುಕೊಂಡು ಒಂದು ಬಾಗಿಲೊಳಗೆ ಹೆಜ್ಜೆಯಿಟ್ಟ. ಅದು ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆ. ಸುಮಾರು 25 ಅಡಿ ಕೆಳಗೆ ಬಿದ್ದು ತೋಳು, ತೊಡೆ, ಪಕ್ಕೆಲುಬು ಮುರಿದವು. ಒಂದು ವರ್ಷ ಹಾಸಿಗೆ. ಕಾಲು ಸರಿಯಾಗಿ ಕೂಡದೆ ಕೊನೆಯವರೆಗೂ ಕುಂಟುತ್ತಿದ್ದ. 1782ರ ನವೆಂಬರ್ 9ರಂದು ಮತ್ತೆ ಗೋಪುರ ಹತ್ತಿದ. ಮೂರು ದಿನ ಬಿಟ್ಟು ಬುಧ ಮತ್ತೊಮ್ಮೆ ಸೂರ್ಯನನ್ನು ದಾಟಿದ. ಮೆಸಿಯೆ ಅದನ್ನು ನೋಡಿ ಬರೆದ.

ಅಷ್ಟರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್‌ಗೆ ಪಟ್ಟಿ ತಲುಪಿತ್ತು. ಆತ ದೊಡ್ಡ ದರ್ಪಣಗಳನ್ನಿಟ್ಟುಕೊಂಡು ಮೆಸಿಯೆಗೆ ಬರೀ ಮಸುಕಾಗಿ ಕಂಡ ಅನೇಕವನ್ನು ನಕ್ಷತ್ರಗಳ ಗುಂಪೆಂದು ಬಿಡಿಸಿ ನೋಡಿದ. ತಂಗಿ ಕ್ಯಾರೊಲಿನ್ ಜೊತೆ ಸೇರಿ ಸಾವಿರಗಟ್ಟಲೆ ಹೊಸದನ್ನು ಸೇರಿಸಿದ. ಆ ಮಟ್ಟಿಗೆ ಮೆಸಿಯೆಯ ಸಣ್ಣ ಉಪಕರಣಗಳ ಕಾಲ ಅಲ್ಲಿಗೆ ಮುಗಿಯಿತು.

ಫ್ರಾನ್ಸಿನ ಕ್ರಾಂತಿ ಸಂಬಳವನ್ನೂ ಪಿಂಚಣಿಯನ್ನೂ ಕಿತ್ತುಕೊಂಡಿತು. ರಾತ್ರಿ ಕೆಲಸಕ್ಕೆ ದೀಪದ ಎಣ್ಣೆಯನ್ನು ಲಲಾಂದ್ ಎಂಬ ಖಗೋಳಜ್ಞನಿಂದ ಸಾಲ ತರಬೇಕಾಯಿತು. ಅರವತ್ತು ದಾಟಿದ ಕುಂಟ ಮುದುಕ, ಆದರೂ 1793ರ ಸೆಪ್ಟೆಂಬರಿನಲ್ಲಿ ಮತ್ತೊಂದು ಧೂಮಕೇತು ಕಂಡುಹಿಡಿದ. ಅದರ ಪಥದ ಲೆಕ್ಕ ಹಾಕಬೇಕಾದ ಸಾರೋನ್ ಸೆರೆಮನೆಯಲ್ಲಿದ್ದ. ಅಲ್ಲಿಂದಲೇ ಲೆಕ್ಕ ಹಾಕಿ ಕೊಟ್ಟ. ಧೂಮಕೇತು ಆ ಲೆಕ್ಕದಂತೆಯೇ ಸಾಗಿತು, ಮೆಸಿಯೆ ಆ ಸುದ್ದಿಯನ್ನು ಕದ್ದು ಒಳಗೆ ಮುಟ್ಟಿಸಿದ. 1794ರ ಏಪ್ರಿಲ್ 20ರಂದು ಸಾರೋನನ ತಲೆ ಕಡಿದರು. ಈ ಇಬ್ಬರ ಬಗ್ಗೆ ಯಾರಾದರೂ ಒಂದು ನಾಟಕ ಬರೆಯಬೇಕು.

ಆತನನ್ನು ಪೂರ್ತಿ ಹೊಗಳಲು ನನಗೆ ಮನಸ್ಸಿಲ್ಲ. ನೆಪೋಲಿಯನ್ ಪದಕ ಕೊಟ್ಟ ಮೇಲೆ 1808ರಲ್ಲಿ ಮೆಸಿಯೆ ಒಂದು ಪುಸ್ತಿಕೆ ಬರೆದು, 1769ರ ತನ್ನ ಧೂಮಕೇತು ಚಕ್ರವರ್ತಿಯ ಹುಟ್ಟಿಗೆ ಸಾಕ್ಷಿಯಾಗಿ ಬಂದದ್ದೆಂದು ಸೂಚಿಸಿದ. ಜೀವನವಿಡೀ ಕಂಡಷ್ಟನ್ನೇ ಬರೆದ ಕೈ ಆಗ ಒಂದೆಳೆ ಹೆಚ್ಚು ಎಳೆಯಿತು. ಅದಕ್ಕಿಂತ ಒಂದು ವರ್ಷ ಮೊದಲು, 1807ರಲ್ಲಿ, ದೇವಯಾನಿ ರಾಶಿಯ ದೊಡ್ಡ ನೀಹಾರಿಕೆಯ ಚಿತ್ರವನ್ನು ಪ್ರಕಟಿಸಿದ್ದ. ಅದು ನಮ್ಮ ಹಾಲುಹಾದಿಯಂಥದ್ದೇ ಇನ್ನೊಂದು ಬೃಹತ್ ಗೆಲಾಕ್ಸಿ ಎಂದು ಜಗತ್ತಿಗೆ ಗೊತ್ತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಚಿತ್ರದಲ್ಲಿ ಅದರ ಪಕ್ಕ ಎರಡು ಪುಟ್ಟ ಮಸುಕುಗಳಿವೆ. ಅವುಗಳಲ್ಲಿ ಒಂದನ್ನು 1773ರಲ್ಲೇ ಕಂಡಿದ್ದ, ಆದರೂ ಪಟ್ಟಿಗೆ ಹಾಕಿರಲೇ ಇಲ್ಲ. ನಂತರದವರು ಅಂಥ ಏಳನ್ನು ಸೇರಿಸಿ 110 ಮಾಡಿದರು. ನೂರಹತ್ತನೆಯದು ಅದೇ.

1815ರಲ್ಲಿ ಪಾರ್ಶ್ವವಾಯು ಹೊಡೆಯಿತು. 1817ರ ಏಪ್ರಿಲ್ 12ರಂದು, 86ನೇ ವಯಸ್ಸಿನಲ್ಲಿ, ಮೆಸಿಯೆ ತೀರಿಕೊಂಡ. ಹಗಲಿರುಳು ಬೆನ್ನಟ್ಟಿದ್ದ ಧೂಮಕೇತುಗಳಲ್ಲಿ ಹನ್ನೆರಡಕ್ಕಿಂತ ಹೆಚ್ಚು ಆತನ ಲೆಕ್ಕಕ್ಕೆ ಸೇರಿವೆ. ಅವುಗಳ ಹೆಸರು ಇಂದು ಯಾರಿಗೂ ಬಾಯಿಗೆ ಬರುವುದಿಲ್ಲ. ಬೇಡ ಎಂದು ಬದಿಗೆ ಬರೆದಿಟ್ಟವು ಮಾತ್ರ ಇವತ್ತೂ ಆತನ ಹೆಸರಿನ ಮೊದಲಕ್ಷರ ಹೊತ್ತುಕೊಂಡಿವೆ.

ಪಟ್ಟಿಯ ತೀರಾ ದಕ್ಷಿಣದ್ದು ಎಂ 7, ಚೇಳಿನ ಬಾಲದ ಹತ್ತಿರ. ಪ್ಯಾರಿಸಿನಿಂದ ಅದು ದಿಗಂತದಿಂದ ಆರು ಡಿಗ್ರಿ ಮೇಲೇಳುವುದೇ ಕಷ್ಟ. ನಮಗೆ ಸುಮಾರು 42 ಡಿಗ್ರಿ ಎತ್ತರದಲ್ಲಿ, ಬರಿಗಣ್ಣಿಗೇ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಳೆಮೋಡ ಕಟ್ಟುವ ಮೊದಲು ದಕ್ಷಿಣಕ್ಕೆ ಮುಖ ಮಾಡಿದರೆ ಒಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛ ಬೈನಾಕ್ಯುಲರಿನಲ್ಲಿ ಹತ್ತಿಯುಂಡೆಯಂತೆ ಕಾಣುತ್ತದೆ. ಲಕಾಯ್‌ನ 42ರಲ್ಲಿ ಅದಿದೆ. ಪ್ಯಾರಿಸಿನಲ್ಲಿ ಅದು ಹುಟ್ಟುವುದೇ ಇಲ್ಲ. ಮೆಸಿಯೆ ಅದನ್ನು ಒಮ್ಮೆಯೂ ಕಾಣಲಿಲ್ಲ.

ಆ ಡಿಸೆಂಬರ್ ರಾತ್ರಿಗೆ ಬರುತ್ತೇನೆ. ಹನ್ನೊಂದರ ಹೊತ್ತಿಗೆ ವೃಷಭ ನೆತ್ತಿಗೆ ಬಂದಿತ್ತು. ಮಂಜು ತಲೆಗಿಳಿಯುತ್ತದೆ, ಮುಂಡಾಸು ಕಟ್ಟಿಕೋ ಎಂದು ಅಜ್ಜಿ ಒಳಗಿನಿಂದ ಎರಡು ಸಲ ಹೇಳಿಯಾಗಿತ್ತು. ಕೊಂಬಿನ ತುದಿಯ ನಕ್ಷತ್ರ ಹಿಡಿದೆ. ಪಕ್ಕದಲ್ಲಿ ಏನೂ ಇಲ್ಲ. ಉಸಿರು ಬಿಗಿಹಿಡಿದು ಕಣ್ಣನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಇದೆ ಎನಿಸಿತು, ಹೋಯಿತು, ಮತ್ತೆ ಅದೇ ಜಾಗದಲ್ಲಿ ಬಂತು. ನಾಲ್ಕು ಸಲ ಬಂದ ಮೇಲೆ ಕಾಗದಕ್ಕೆ ಬೆರಳೊತ್ತಿದೆ. ಚಿತ್ರ ನೋಡಿದರೆ ಎಣ್ಣೆಗೈಯ ಗುರುತಿನಷ್ಟೇ ಇದೆ. ಅಮ್ಮ ಹೊರಗೆ ಬಂದು ಇದೇನೆಂದು ಕೇಳಿದರು. ತೋರಿಸಿದೆ. ಅವರಿಗೆ ಬೈನಾಕ್ಯುಲರ್ ಕೊಟ್ಟು ಕುರ್ಚಿ ಬಿಟ್ಟುಕೊಟ್ಟೆ. ಬಹಳ ಹೊತ್ತು ನೋಡಿ, ತನಗೇನೂ ಕಾಣುತ್ತಿಲ್ಲ ಎಂದರು. ಎದ್ದು ಹೋಗಲಿಲ್ಲ. ಪಕ್ಕಕ್ಕೆ ನೋಡಬೇಕು ಎಂದು ಹೇಳಿಕೊಟ್ಟೆ.